ಡೆಬಿಯನ್‌ನಲ್ಲಿ ವಿಐ ಬಣ್ಣ ತೋರಿಸದಿದ್ದರೆ

ಡೆಬಿಯನ್ ಲಿನಕ್ಸ್‌ನಲ್ಲಿ ವಿಐ (ಟರ್ಮಿನಲ್‌ನಲ್ಲಿ ಫೈಲ್ ತಿದ್ದುವ ಎಡಿಟರ್) ಕೋಡ್‌ಗೆ ಬಣ್ಣ ಹಚ್ಚುತ್ತಿಲ್ಲ ಅಂತ ಕೇಳಿದ್ದೀರಿ. ನಿಮ್ಮಲ್ಲಿರುವುದು ವಿಐನ ಸುಧಾರಿತ ರೂಪವಾದ ಪೂರ್ತಿ ವಿಮ್ ಅಲ್ಲ, ಅದರ ಪುಟ್ಟ ಆವೃತ್ತಿಯಾದ ವಿಮ್-ಟೈನಿ ಇರಬೇಕು. ಬಣ್ಣ ಬರಿಸಲು ವಿಐ ಒಳಗೆ ‘:ಸಿಂಟ್ಯಾಕ್ಸ್ ಆನ್’ ಕೊಟ್ಟರೆ ಇ319 ಎರರ್ (ಈ ಕಮಾಂಡ್ ಈ ಆವೃತ್ತಿಯಲ್ಲಿ ಇಲ್ಲ ಅಂತ) ಬರುತ್ತಿದೆ ಅಂದಿರಲ್ಲ, ಅದೇ ಸುಳಿವು. ಡೆಬಿಯನ್ ಜೊತೆ ಬರುವ ಆ ಪುಟ್ಟ ಆವೃತ್ತಿಯಲ್ಲಿ ಬಣ್ಣ ಹಚ್ಚುವ ಭಾಗವೇ ಇರುವುದಿಲ್ಲ. ಸೆಟ್ಟಿಂಗ್ ಎಷ್ಟು ತಿರುಚಿದರೂ ಸುಮ್ನೆ ತಲೆನೋವು.

ಮೊದಲು ಟರ್ಮಿನಲ್‌ನಲ್ಲಿ ‘ವಿಐ --ವರ್ಷನ್’ ಕೊಟ್ಟು ನೋಡಿ. ಬರುವ ಪಟ್ಟಿಯಲ್ಲಿ ‘-ಸಿಂಟ್ಯಾಕ್ಸ್’ ಅಂತ ಮೈನಸ್ ಇದ್ದರೆ ಕಾರಣ ಇದೇ. ‘+’ ಇದ್ದರೆ ಇನ್‌ಸ್ಟಾಲ್ ಮಾಡುವುದು ಬೇಡ, ಅದರ ಮುಂದಿನದಕ್ಕೆ ಹೋಗಿ.

‘ಸುಡೊ ಆಪ್ಟ್ ಇನ್‌ಸ್ಟಾಲ್ ವಿಮ್’ ಕೊಡಿ. ಆಮೇಲೆ ವಿಐ ಅಂತ ಟೈಪ್ ಮಾಡಿದರೂ ಪೂರ್ತಿ ವಿಮ್ಮೇ ತೆರೆಯುತ್ತದೆ.

ನಿಮ್ಮ ಹೋಮ್ ಡೈರೆಕ್ಟರಿಯಲ್ಲಿ ‘.ವಿಮ್‌ಆರ್‌ಸಿ’ ಅನ್ನುವ ವಿಮ್ ಸೆಟ್ಟಿಂಗ್ ಫೈಲ್ ಇದೆಯಾ? ನೀವು ಹೇಳಿಲ್ಲ. ಇಲ್ಲದಿದ್ದರೆ ಬಣ್ಣ ತಾನಾಗೇ ಬರಬೇಕು. ಇದ್ದರೆ, ಖಾಲಿಯಾಗಿದ್ದರೂ ಸರಿ, ವಿಮ್ ತನ್ನ ಡೀಫಾಲ್ಟ್‌ಗಳನ್ನು ಓದುವುದಿಲ್ಲ. ಅದರೊಳಗೆ ‘ಸಿಂಟ್ಯಾಕ್ಸ್ ಆನ್’ ಅಂತ ಒಂದು ಸಾಲು ಹಾಕಿ. ಮುಂದೆ ಕೋಲನ್ ಬೇಕಿಲ್ಲ. ಡಬಲ್ ಕೋಟ್ ಅಂತೂ ಇರಲೇಬಾರದು, ಇದ್ದರೆ ಆ ಸಾಲು ಬರೀ ಕಾಮೆಂಟ್ ಆಗಿಬಿಡುತ್ತದೆ.

ಬಣ್ಣ ಬಂದ ಮೇಲೆ ಕಪ್ಪು ಟರ್ಮಿನಲ್‌ನಲ್ಲಿ ಕಾಮೆಂಟ್‌ಗಳು ಕಡುನೀಲಿಯಾಗಿ, ಓದೋಕೇ ಆಗದಂತೆ ಕಾಣಬಹುದು. ಆಗ ಅದೇ ಫೈಲಿಗೆ ‘ಸೆಟ್ ಬ್ಯಾಕ್‌ಗ್ರೌಂಡ್=ಡಾರ್ಕ್’ ಸೇರಿಸಿ. ಒಂದೇ ಒಂದು ಫೈಲ್ ಮಾತ್ರ ಬಣ್ಣವಿಲ್ಲದೆ ಉಳಿದರೆ, ಅದರ ಹೆಸರಿಗೆ ಎಕ್ಸ್‌ಟೆನ್ಷನ್ ಇಲ್ಲದಿರಬಹುದು. ಅದು ಪೈಥಾನ್ ಕೋಡ್ ಆಗಿದ್ದರೆ, ತೆರೆದು ‘:ಸೆಟ್ ಫೈಲ್‌ಟೈಪ್=ಪೈಥಾನ್’ ಕೊಡಿ; ಬೇರೆ ಭಾಷೆಯಾಗಿದ್ದರೆ ಆ ಭಾಷೆಯ ಹೆಸರು ಹಾಕಿ.