ಸಿಗ್ನಲ್ ಕುರಿತ ಮ್ಯಾನ್ ಪುಟಗಳನ್ನು ತಿದ್ದಲು ಎಲ್ಲಿಂದ ಆರಂಭಿಸಬೇಕು?

ತುಮಕೂರಿನಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿರುವ ನೀವು ಕೇಳಿರುವುದು ಇಷ್ಟು: ಲಿನಕ್ಸ್‌ನಲ್ಲಿ ಸಿಗ್ನಲ್‌ಗಳನ್ನು (ಓಡುತ್ತಿರುವ ಪ್ರೋಗ್ರಾಂಗೆ ಹೋಗುವ ಪುಟ್ಟ ಸೂಚನೆಗಳು) ನಿಭಾಯಿಸುವ ಸಿಸ್ಟಂ ಕಾಲ್‌ಗಳ (ಪ್ರೋಗ್ರಾಂ ಕರ್ನಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿಗೆ, ಸಲ್ಲಿಸುವ ಕೋರಿಕೆಗಳು) ಮ್ಯಾನ್ ಪುಟಗಳು, ಅಂದರೆ ಕೈಪಿಡಿಯ ಪುಟಗಳು, ಮೂರು ಸಲ ಓದಿದರೂ ತಲೆಗೆ ಹತ್ತುವುದಿಲ್ಲ, ಅವನ್ನು ಉತ್ತಮಪಡಿಸಲು ನಿಮ್ಮಂಥವರು ಕೈಜೋಡಿಸಬಹುದೇ, ಇಂಗ್ಲಿಷ್ ಅಷ್ಟಾಗಿ ಬಾರದಿರುವುದು ಅಡ್ಡಿಯಾಗುತ್ತದೆಯೇ?

ಖಂಡಿತ ಕೈಜೋಡಿಸಬಹುದು. ಆ ಪುಟಗಳಲ್ಲಿ ತಪ್ಪು ಮಾಹಿತಿ ಬಹಳ ಕಡಿಮೆ. ಆದರೆ ನಮಗೆ ಬೇಕಾದ ಮಾತು ಎಷ್ಟೋ ಸಲ ನಾವು ತೆರೆದ ಪುಟದಲ್ಲಿ ಸಿಗುವುದಿಲ್ಲ, ಇನ್ನೆಲ್ಲೋ ಇರುತ್ತದೆ. ಇದು ನನಗೆ ಮನದಟ್ಟಾದದ್ದು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯ ಹಾಲಿನ ಡೇರಿಯಲ್ಲಿ.

ತೂಕದ ಯಂತ್ರದಿಂದ ಲೆಕ್ಕ ಓದಿ ರೈತರ ಖಾತೆಗೆ ಬರೆಯುವ ಪ್ರೋಗ್ರಾಂ ಒಂದನ್ನು ಅಲ್ಲಿಗೆ ಬರೆದುಕೊಟ್ಟಿದ್ದೆ. ದರ ಬದಲಾದಾಗ ಕಾರ್ಯದರ್ಶಿ ಒಂದು ಗುಂಡಿ ಒತ್ತಿದರೆ ಪ್ರೋಗ್ರಾಂಗೆ ಸಿಗ್‌ಹಪ್ ಎಂಬ ಸಿಗ್ನಲ್ ಹೋಗಿ, ಅದು ಹೊಸ ದರಪಟ್ಟಿ ಓದಿಕೊಳ್ಳುತ್ತಿತ್ತು. ಹ್ಯಾಂಡ್ಲರ್ (ಸಿಗ್ನಲ್ ಬಂದಾಗ ಓಡುವ ಫಂಕ್ಷನ್) ನೋಂದಾಯಿಸುವಾಗ ಸಿಗ್‌ಆ್ಯಕ್ಷನ್ ಎಂಬ ಕಾಲ್‌ಗೆ ಎಸ್‌ಎ_ರೀಸ್ಟಾರ್ಟ್ ಎಂಬ ಆಯ್ಕೆ ಕೊಟ್ಟಿದ್ದೆ. ಹೀಗಾಗಿ ಯಂತ್ರದಿಂದ ಓದುವ ರೀಡ್ ಕಾಲ್ ಕಾಯುತ್ತಿರುವಾಗ ಸಿಗ್ನಲ್ ಬಂದರೂ ಕರ್ನಲ್ ಅದನ್ನು ತಾನೇ ಮತ್ತೆ ಆರಂಭಿಸುತ್ತಿತ್ತು. ತಿಂಗಳುಗಟ್ಟಲೆ ಒಂದು ತೊಂದರೆಯೂ ಇರಲಿಲ್ಲ. ಆಮೇಲೆ ಫ್ಯಾಟ್ ಅಳೆಯುವ ಯಂತ್ರ ಬಂತು. ಎರಡೂ ಯಂತ್ರಗಳನ್ನು ಒಟ್ಟಿಗೆ ಕಾಯಬೇಕೆಂದು ರೀಡ್‌ಗೆ ಮೊದಲು ಪೋಲ್ ಎಂಬ ಕಾಲ್ ಸೇರಿಸಿದೆ, ಹ್ಯಾಂಡ್ಲರನ್ನು ಮುಟ್ಟಲಿಲ್ಲ. ಮುಂದಿನ ಸಲ ದರ ಬದಲಾದ ದಿನ, ಬೆಳಿಗ್ಗೆ ಆರೂವರೆಗೆ, ಕ್ಯಾನ್ ಹಿಡಿದವರ ಸಾಲು ಬಾಗಿಲಾಚೆಗೂ ಬೆಳೆದಿದ್ದಾಗ, ಗುಂಡಿ ಒತ್ತಿದೊಡನೆ ಪೋಲ್ ದೋಷದ ಗುರುತಾದ −1 ಹಿಂದಿರುಗಿಸಿತು. ಯಂತ್ರದ ತಂತಿ ಕಿತ್ತುಹೋಗಿದೆ ಎಂದೆಣಿಸಿ ಪ್ರೋಗ್ರಾಂ ನಿಂತುಬಿಟ್ಟಿತು. ಕರೆದ ಹಾಲು ಕಾಯುವುದಿಲ್ಲ. ಕಾರ್ಯದರ್ಶಿ ಹಳೆಯ ನೋಟ್‌ಬುಕ್ ತೆರೆದು ಅಷ್ಟೂ ಜನರ ಲೀಟರು, ಫ್ಯಾಟ್ ಕೈಯಲ್ಲೇ ಬರೆದುಕೊಂಡರು.

ಆ ರಾತ್ರಿ ಪುಟಗಳನ್ನು ಮತ್ತೆ ತೆರೆದೆ. ಎಸ್‌ಎ_ರೀಸ್ಟಾರ್ಟ್ 'ಕೆಲವು' ಸಿಸ್ಟಂ ಕಾಲ್‌ಗಳನ್ನು ಮತ್ತೆ ಆರಂಭಿಸುತ್ತದೆ ಎಂದು ಸಿಗ್‌ಆ್ಯಕ್ಷನ್ ಪುಟ ಹೇಳಿ, ಹೆಚ್ಚಿನ ವಿವರಕ್ಕೆ ಕೈಪಿಡಿಯ 7ನೇ ವಿಭಾಗದ ಸಿಗ್ನಲ್ ಪುಟಕ್ಕೆ ಕಳುಹಿಸುತ್ತದೆ. ಪೋಲ್ ಪುಟದಲ್ಲಿ ಇಐಎನ್‌ಟಿಆರ್ (ಸಿಗ್ನಲ್‌ನಿಂದ ಕಾಲ್ ಅರ್ಧಕ್ಕೇ ನಿಂತಿತು) ಎಂಬ ದೋಷದ ಹೆಸರಿನ ಮುಂದೆ ಪುಟ್ಟದೊಂದು ವಿವರಣೆ ಇದೆ. ಅದೂ ಅದೇ ಪುಟದತ್ತ ಕೈ ತೋರಿಸುತ್ತದೆ. ಅಲ್ಲಿ ಸಾಕಷ್ಟು ಕೆಳಗೆ ಹೋದರೆ, ಎಸ್‌ಎ_ರೀಸ್ಟಾರ್ಟ್ ಇದ್ದರೂ ಎಂದಿಗೂ ಮತ್ತೆ ಆರಂಭವಾಗದ ಕಾಲ್‌ಗಳ ಪಟ್ಟಿ ಸಿಗುತ್ತದೆ: ಪೋಲ್, ಸೆಲೆಕ್ಟ್, ಇಪೋಲ್_ವೇಟ್, ನ್ಯಾನೋಸ್ಲೀಪ್ ಮುಂತಾದವು. ಒಂದು ಸಂಗತಿಗೆ ಮೂರು ಪುಟ. 'ಕೆಲವು' ಎಂಬ ಪದದ ಮೇಲೆ ಕಣ್ಣು ಹಾಯಿಸಿ ಮುಂದೆ ಹೋದವನಿಗೆ ಅದು ಸಿಗುವುದೇ ಇಲ್ಲ.

ಚೆನ್ನಾಗಿ ಬರೆದ ಪುಟಗಳನ್ನೂ ನೋಡಿ. ಪ್ರೋಗ್ರಾಂನ ನಿದ್ದೆಯ ನಡುವೆ ಸಿಗ್ನಲ್ ಬಂದರೆ ಉಳಿದ ಸಮಯ ಎಲ್ಲಿ ಸಿಗುತ್ತದೆ ಎಂದು ನ್ಯಾನೋಸ್ಲೀಪ್ ಪುಟ ಅಲ್ಲೇ ಹೇಳುತ್ತದೆ. ಫೈಲ್ ಮುಚ್ಚುವ ಕ್ಲೋಸ್ ಕಾಲ್‌ನ ಪುಟ ಇನ್ನೂ ಒಳ್ಳೆಯದು. ಇಐಎನ್‌ಟಿಆರ್ ಬಂದರೂ ಲಿನಕ್ಸ್‌ನಲ್ಲಿ ಕ್ಲೋಸನ್ನು ಮತ್ತೆ ಕರೆಯಬಾರದು, ಏಕೆಂದರೆ ಆ ಫೈಲ್ ಸಂಖ್ಯೆ ಆಗಲೇ ಬಿಡುಗಡೆಯಾಗಿರುತ್ತದೆ ಮತ್ತು ಪ್ರೋಗ್ರಾಂನೊಳಗೆ ಜೊತೆಗೇ ಓಡುವ ಇನ್ನೊಂದು ಥ್ರೆಡ್ ಅದೇ ಸಂಖ್ಯೆಯನ್ನು ಪಡೆದಿರಬಹುದು ಎಂದು ಕಾರಣ ಸಮೇತ ತಿಳಿಸುತ್ತದೆ. ಇನ್ನು ಹ್ಯಾಂಡ್ಲರ್ ಒಳಗೆ ಯಾವ ಫಂಕ್ಷನ್‌ಗಳನ್ನು ಕರೆಯುವುದು ಸುರಕ್ಷಿತ ಎಂಬ ಪಟ್ಟಿ ಹಿಂದೆ ಸಿಗ್ನಲ್ ಪುಟದೊಳಗೆ ಹುದುಗಿತ್ತು; ಈಗ ಅದಕ್ಕೆ ಪ್ರತ್ಯೇಕ ಪುಟವೇ ಇದೆ. ಇದ್ದ ಪಟ್ಟಿಯನ್ನು ಹುಡುಕುವವರ ಕಣ್ಣಿಗೆ ಬೀಳುವಂತೆ ಇಟ್ಟದ್ದೇ ದೊಡ್ಡ ಉಪಕಾರವಾಯಿತು.

ಇಂಗ್ಲಿಷ್ ವಿಷಯಕ್ಕೆ ಬರುತ್ತೇನೆ. ನಿಮ್ಮ ಕನ್ನಡವೇ ಇಲ್ಲಿ ಒಳ್ಳೆಯ ಸಾಧನ. ಅನುಮಾನ ಬಂದ ಸಾಲನ್ನು ಕನ್ನಡದಲ್ಲಿ ಬರೆದು ನೋಡಿ. 'ಬ್ಲಾಕ್' ಎಂಬ ಒಂದೇ ಪದ ಈ ಪುಟಗಳಲ್ಲಿ ಎರಡು ಕೆಲಸ ಮಾಡುತ್ತದೆ: ರೀಡ್ ಬ್ಲಾಕ್ ಆಯಿತು ಎಂದರೆ ಕಾಯುತ್ತಾ ಕುಳಿತಿದೆ ಎಂದರ್ಥ, ಸಿಗ್ನಲ್ ಬ್ಲಾಕ್ ಆಯಿತು ಎಂದರೆ ಅದನ್ನು ತಡೆಹಿಡಿಯಲಾಗಿದೆ ಎಂದರ್ಥ. ಕನ್ನಡದಲ್ಲಿ ಬರೆಯಲು ಹೊರಟವರಿಗೆ ಯಾವ ಪದ ಬಳಸಬೇಕೆಂದು ತೀರ್ಮಾನಿಸದೆ ಮುಂದೆ ಹೋಗಲಾಗದು. ಹಾಗೆಯೇ ತಡೆಹಿಡಿದ ಸಿಗ್ನಲ್ ಬಾಕಿ ಉಳಿಯುತ್ತದೆ, ಕಡೆಗಣಿಸಿದ್ದು ಅಲ್ಲಿಗೇ ಕಳೆದುಹೋಗುತ್ತದೆ. ಸಿಗ್‌ಚೈಲ್ಡ್‌ನಂತಹ ಸಾಮಾನ್ಯ ಸಿಗ್ನಲ್ ತಡೆಹಿಡಿದಿರುವಾಗ ಹತ್ತು ಸಲ ಬಂದರೂ, ತಡೆ ತೆಗೆದಾಗ ತಲುಪುವುದು ಒಂದೇ ಸಲ. ಬರೆಯುತ್ತಾ ನೀವು ಎಲ್ಲಿ ತಡವರಿಸುತ್ತೀರೋ ಅಲ್ಲಿ ಮೂಲದ ವಾಕ್ಯವೂ ಮಸುಕಾಗಿರುವ ಸಾಧ್ಯತೆ ಹೆಚ್ಚು.

ತಿದ್ದುವ ಮೊದಲು ಪರೀಕ್ಷಿಸಿ. ಮೂವತ್ತು ಸಾಲಿನ ಒಂದು ಸಿ ಪ್ರೋಗ್ರಾಂ ಬರೆದು, ಸಿಸ್ಟಂ ಕಾಲ್‌ಗಳನ್ನು ತೋರಿಸುವ ಎಸ್‌ಟ್ರೇಸ್ ಅಡಿಯಲ್ಲಿ ಓಡಿಸಿ, ಬೇರೆ ಟರ್ಮಿನಲ್‌ನಿಂದ ಸಿಗ್ನಲ್ ಕಳುಹಿಸಿ. ರೀಡ್‌ಗೂ ಪೋಲ್‌ಗೂ ಬರುವ ಫಲಿತಾಂಶದ ವ್ಯತ್ಯಾಸ ಎದುರಿಗೇ ಕಾಣುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿರುವ ಪುಟ ಹಳೆಯದಿರಬಹುದು. ಮ್ಯಾನ್ ಪುಟಗಳ ಯೋಜನೆಯ ಗಿಟ್ ಭಂಡಾರದಲ್ಲಿರುವ ಹೊಸ ಪ್ರತಿಯನ್ನೇ ನೋಡಿ. ಒಂದು ಪ್ಯಾಚ್‌ನಲ್ಲಿ, ಅಂದರೆ ನೀವು ಕಳುಹಿಸುವ ತಿದ್ದುಪಡಿಯಲ್ಲಿ, ಒಂದೇ ಬದಲಾವಣೆ ಇರಲಿ. ಮೂಲ ಕಡತದಲ್ಲಿ ಪ್ರತಿ ವಾಕ್ಯವನ್ನು ಹೊಸ ಸಾಲಿನಿಂದ ಆರಂಭಿಸಿ, ಉದ್ದ ವಾಕ್ಯವನ್ನು ಅರ್ಥ ನಿಲ್ಲುವಲ್ಲಿ ಮುರಿಯುವ ರೂಢಿ ಇದೆ. ಇದನ್ನು 7ನೇ ವಿಭಾಗದ ಮ್ಯಾನ್-ಪೇಜಸ್ ಎಂಬ ಪುಟ ವಿವರಿಸುತ್ತದೆ. ಯಾವ ಕರ್ನಲ್‌ನಲ್ಲಿ ಪರೀಕ್ಷಿಸಿದಿರಿ ಎಂಬುದನ್ನು ಪ್ಯಾಚ್‌ನ ವಿವರಣೆಯಲ್ಲಿ ತಪ್ಪದೆ ಬರೆಯಿರಿ.

ನನ್ನ ಸಲಹೆ ಕೇಳಿದರೆ, ಪೋಲ್ ಪುಟದ ಇಐಎನ್‌ಟಿಆರ್ ಸಾಲಿನಿಂದ ಆರಂಭಿಸಿ. ಅಲ್ಲಿ 'ಎಸ್‌ಎ_ರೀಸ್ಟಾರ್ಟ್ ಇದ್ದರೂ' ಎಂಬ ಅರ್ಥದ ನಾಲ್ಕು ಇಂಗ್ಲಿಷ್ ಪದ ಸೇರಿಸುವುದಷ್ಟೇ ಕೆಲಸ. ಕರಡು ಸಿದ್ಧವಾದಾಗ ಇಲ್ಲೇ ಉತ್ತರದ ಕೆಳಗೆ ಹಾಕಿ, ಓದಿ ನೋಡಿ ಹೇಳುತ್ತೇನೆ.