ಸಾರಲೇಖ ತಿರಸ್ಕೃತವಾದರೆ

ಪ್ರಶ್ನೆ: ಅನುವಾದ ಅಧ್ಯಯನದ ಸಮ್ಮೇಳನಗಳಿಗೆ ಕಳಿಸಿದ ನನ್ನ ಸಾರಲೇಖ (ಮಂಡಿಸಲಿರುವ ಪ್ರಬಂಧದ ಸಂಕ್ಷಿಪ್ತ ರೂಪ) ಎರಡು ಸಲ ತಿರಸ್ಕೃತವಾಯಿತು. ವಿಷಯ, ‘ಕನ್ನಡ ಕಾದಂಬರಿಗಳ ಇಂಗ್ಲಿಷ್ ಅನುವಾದದಲ್ಲಿ ಸಂಸ್ಕೃತಿ’. ತಪ್ಪೆಲ್ಲಿ?

ಉತ್ತರ: ವಿಷಯದ ಹರವಿನಲ್ಲಿ. 20 ನಿಮಿಷದ ಮಂಡನೆಗೆ ಅದು ಹಿಡಿಯುವುದಿಲ್ಲ. ಒಂದೇ ಕಾದಂಬರಿ, ಒಂದೇ ಪದ ಆರಿಸಿಕೊಳ್ಳಿ. ‘ಮಡಿ’ ಎಂಬುದನ್ನು ಅನುವಾದಕರು ಎಲ್ಲಿ ಹಾಗೇ ಉಳಿಸಿದ್ದಾರೆ, ಎಲ್ಲಿ ಬರೀ ‘ಶುದ್ಧ’ ಎಂದಿದ್ದಾರೆ, ಎಲ್ಲಿ ಕೈಬಿಟ್ಟಿದ್ದಾರೆ ಎಂದು ಎಣಿಸಿ. ‘ಮುಟ್ಟಬಾರದು’ ಎಂಬ ಅರ್ಥ ಜಾರಿದ ಕಡೆ ಪಾತ್ರಗಳ ಜಗಳದ ಕಾರಣವೇ ಓದುಗರಿಗೆ ಸಿಗದು; ನಿಮ್ಮ ವಾದ ಇರುವುದು ಅಲ್ಲಿಯೇ. ಸಾರಲೇಖಕ್ಕೆ ಸಾಮಾನ್ಯವಾಗಿ ಕೇಳುವ 250–300 ಪದಗಳಲ್ಲಿ ಪ್ರಶ್ನೆ, ಪಠ್ಯ, ವಿಧಾನ, ಸಿಕ್ಕ ಫಲಿತಾಂಶ ಇರಲಿ. ‘ಚರ್ಚಿಸಲಾಗುವುದು’ ಎಂದು ಮುಗಿಸಬೇಡಿ. ಮಂಡಿಸುವಾಗ ಕನ್ನಡ ವಾಕ್ಯದ ಕೆಳಗೆ ಪದಶಃ ಅರ್ಥ, ಅದರ ಕೆಳಗೆ ಪ್ರಕಟಿತ ಅನುವಾದ ತೋರಿಸಿ. ಇಲ್ಲವಾದರೆ ಕನ್ನಡ ಬಾರದವರಿಗೆ ವ್ಯತ್ಯಾಸ ಕಾಣುವುದಿಲ್ಲ.