ಸ್ನೇಹ ಮೊದಲೋ, ಸುವಾರ್ತೆ ಮೊದಲೋ?

ಎರಡು ವರ್ಷದಿಂದ ಆತ್ಮೀಯರಾಗಿರುವ ಗೆಳೆಯರಿಗೆ ಯೇಸುವಿನ ವಿಷಯವಾಗಿ ಇದುವರೆಗೆ ಒಂದು ಮಾತನ್ನೂ ಹೇಳಿಲ್ಲವೆಂದೂ, ಸಭೆಯಲ್ಲಿ (ಚರ್ಚಿನಲ್ಲಿ) ಕೆಲವರು ‘ಮೊದಲು ಸ್ನೇಹ ಗಟ್ಟಿಯಾಗಲಿ’ ಎಂದರೆ ಇನ್ನು ಕೆಲವರು ‘ತಡಮಾಡಿದರೆ ಹೊಣೆ ನಿಮ್ಮದೇ’ ಎನ್ನುತ್ತಾರೆಂದೂ ಬರೆದು, ಇವೆರಡನ್ನೂ ಸರಿದೂಗಿಸುವುದು ಹೇಗೆಂದು ಕೇಳಿದ್ದೀರಿ. ತಕ್ಕಡಿಯ ಒಂದು ತಟ್ಟೆಯಲ್ಲಿ ಸ್ನೇಹವನ್ನೂ ಇನ್ನೊಂದರಲ್ಲಿ ಸುವಾರ್ತೆಯನ್ನೂ, ಅಂದರೆ ಯೇಸುವಿನ ಶುಭಸಂದೇಶವನ್ನೂ, ಇಟ್ಟುಕೊಂಡರೆ ಒಂದು ಏರಿದಾಗ ಇನ್ನೊಂದು ಇಳಿಯಲೇಬೇಕು. ಆದ್ದರಿಂದ ‘ಸರಿದೂಗಿಸುವುದು’ ಎಂಬ ಮಾತಿನಲ್ಲಿಯೇ ತೊಡಕಿದೆ ಎಂದು ನನಗನ್ನಿಸುತ್ತದೆ. ನಾನು ಎಡವಿದ ಜಾಗವೇ ಬೇರೆ. ನಾನು ನನ್ನ ನಂಬಿಕೆಯನ್ನು ಮುಚ್ಚಿಟ್ಟುಕೊಂಡಿದ್ದೆ.

ಗೆಳೆಯನೊಬ್ಬನೊಂದಿಗೆ ನಾಲ್ಕು ವರ್ಷ, ವಾರಕ್ಕೊಂದು ಸಂಜೆ, ಚದುರಂಗ ಆಡುತ್ತಿದ್ದೆ. ಭಾನುವಾರ ಬೆಳಿಗ್ಗೆ ಎಲ್ಲಿದ್ದೆಯೆಂದು ಅವನು ಕೇಳಿದಾಗಲೆಲ್ಲ ‘ಸ್ವಲ್ಪ ಕೆಲಸವಿತ್ತು’ ಎನ್ನುತ್ತಿದ್ದೆ. ಸಮಯ ಇನ್ನೂ ಕೂಡಿಬಂದಿಲ್ಲವೆಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆನೇ ಹೊರತು ಅದು ಬರೀ ಅಂಜಿಕೆಯೆಂದು ಒಪ್ಪಿಕೊಳ್ಳುತ್ತಿರಲಿಲ್ಲ. ಕೊನೆಗೊಮ್ಮೆ, ಸುವಾರ್ತಾಸೇವೆಯ ತರಬೇತಿಯನ್ನು ಮುಗಿಸಿ ಬಂದ ಹುರುಪಿನಲ್ಲಿ, ಆಟ ಮುಗಿದೊಡನೆ ಸೃಷ್ಟಿಯಿಂದ ಹಿಡಿದು ಪುನರುತ್ಥಾನದವರೆಗೆ ಮುಕ್ಕಾಲು ಗಂಟೆ ಒಂದೇ ಸಮನೆ ಹೇಳಿಬಿಟ್ಟೆ. ಅವನು ಕಾಯಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತ ಕೇಳಿಸಿಕೊಂಡ. ಕೊನೆಯದನ್ನು ಕೈಯಲ್ಲೇ ಹಿಡಿದುಕೊಂಡು, ‘ಇದನ್ನು ಹೇಳುವುದಕ್ಕೇನೇ ಇಷ್ಟು ವರ್ಷ ಆಡಲು ಬರುತ್ತಿದ್ದೆಯಾ?’ ಎಂದ. ಅಲ್ಲವೆಂದೆ. ಅದು ನಿಜವೇ ಆಗಿತ್ತು. ಆದರೆ ಅವನು, ‘ನೀನು ಏನನ್ನು ನಂಬಿದರೂ ನನಗೆ ಬೇಸರವಿಲ್ಲ, ಭಾನುವಾರದ ಮಟ್ಟಿಗೆ ಸುಳ್ಳು ಹೇಳಿದ್ದೇಕೆ?’ ಎಂದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಅಂದಿನಿಂದ ನಾನು ಪಾಲಿಸುತ್ತಿರುವುದು ಇಷ್ಟೇ: ಪರಿಚಯವಾದ ಮೊದಲ ಕೆಲವು ವಾರಗಳಲ್ಲಿಯೇ ನಾನು ಕ್ರಿಸ್ತನನ್ನು ನಂಬಿದವನೆಂಬುದು ಎದುರಿನವರಿಗೆ ತಿಳಿದಿರಬೇಕು. ಅದಕ್ಕೆ ಉಪದೇಶ ಬೇಕಿಲ್ಲ. ‘ಸಭೆಗೆ ಹೋಗಿದ್ದೆ; ಕ್ಷಮೆಯ ವಿಷಯವಾಗಿ ಕೇಳಿದ ಒಂದು ಮಾತು ಇನ್ನೂ ತಲೆಯಲ್ಲಿ ಸುತ್ತುತ್ತಿದೆ’ ಎಂದು ಹೇಳಿ ಸುಮ್ಮನಾದರೆ ಸಾಕು; ಕೇಳಬೇಕೆನಿಸಿದವರು ಕೇಳುತ್ತಾರೆ, ಬೇಡವೆನಿಸಿದವರು ಮಾತು ಬದಲಿಸುತ್ತಾರೆ. ಮುಂದೆ ಎಷ್ಟೇ ವಿವರವಾಗಿ ಮಾತನಾಡಿದರೂ ನಿಮ್ಮ ಸ್ನೇಹ ಗಾಳವಾಗಿತ್ತೆಂದು ಅವರು ಅನುಮಾನಿಸಲು ಕಾರಣವಿರುವುದಿಲ್ಲ.

ಆದರೆ ಅಷ್ಟಕ್ಕೇ ನಿಂತು, ‘ನನ್ನ ಬದುಕೇ ಸಾಕ್ಷಿ’ ಎಂದು ನಿಶ್ಚಿಂತರಾಗುವುದೂ ಸರಿಯಲ್ಲ. ಈ ನಿಲುವನ್ನು ಸಮರ್ಥಿಸುವವರು ‘ಸದಾ ಸುವಾರ್ತೆ ಸಾರಿರಿ, ಅಗತ್ಯಬಿದ್ದರೆ ಮಾತನ್ನೂ ಬಳಸಿರಿ’ ಎಂಬ ನುಡಿಯನ್ನು ಇಟಲಿಯ ಸಂತ ಅಸ್ಸೀಸಿಯ ಫ್ರಾನ್ಸಿಸನದೆಂದು ಉದ್ಧರಿಸುತ್ತಾರೆ. ಅವನ ಬರಹಗಳಲ್ಲೆಲ್ಲಿಯೂ ಅದು ದೊರೆಯುವುದಿಲ್ಲ. ಅಷ್ಟೇಕೆ, 1219ರಲ್ಲಿ ಕ್ರೈಸ್ತರಿಗೂ ಮುಸ್ಲಿಮರಿಗೂ ಧರ್ಮಯುದ್ಧ (ಕ್ರುಸೇಡ್) ನಡೆಯುತ್ತಿರುವಾಗಲೇ ಈಜಿಪ್ಟಿನ ಸುಲ್ತಾನ ಅಲ್-ಕಾಮಿಲನ ಬಳಿಗೆ ಹೋಗಿ ತನ್ನ ನಂಬಿಕೆಯನ್ನು ಬಾಯಿಬಿಟ್ಟು ಹೇಳಿದವನು ಅವನು. ಸ್ವಿಟ್ಜರ್ಲೆಂಡಿನಲ್ಲಿ ನಡೆದ ಜಾಗತಿಕ ಸುವಾರ್ತಾ ಸಮ್ಮೇಳನವೊಂದು ಹೊರಡಿಸಿದ 1974ರ ಲೊಸಾನ್ ಒಡಂಬಡಿಕೆಯೂ ಲೋಕದ ನಡುವೆ ಕ್ರೈಸ್ತರ ಇರುವಿಕೆ ಮತ್ತು ಅರ್ಥಮಾಡಿಕೊಳ್ಳುವುದಕ್ಕಾಗಿ ಕಿವಿಗೊಡುವ ಸಂವಾದ ಇವೆರಡನ್ನೂ ಅನಿವಾರ್ಯವೆಂದು ಹೇಳಿದ ಮೇಲೆ, ಸುವಾರ್ತಾಸೇವೆಯೆಂದರೆ ಕ್ರಿಸ್ತನನ್ನು ರಕ್ಷಕನೂ ಕರ್ತನೂ ಎಂದು ಸಾರುವುದೇ ಎಂದು ಬಿಡಿಸಿ ಹೇಳುತ್ತದೆ. ನನ್ನ ಒಳ್ಳೆಯ ನಡತೆಯನ್ನು ನೋಡಿದವರು ಹೆಚ್ಚೆಂದರೆ ನನ್ನನ್ನು ಒಳ್ಳೆಯವನೆಂದುಕೊಂಡಾರು. ಕ್ರಿಸ್ತನು ನಮ್ಮ ಪಾಪಗಳಿಗಾಗಿ ಸತ್ತು, ಹೂಣಲ್ಪಟ್ಟು, ಮೂರನೆಯ ದಿನ ಎಬ್ಬಿಸಲ್ಪಟ್ಟನೆಂದು ಅಪೊಸ್ತಲ ಪೌಲನು ಬೈಬಲಿನ 1 ಕೊರಿಂಥ 15ನೆಯ ಅಧ್ಯಾಯದಲ್ಲಿ ಹೇಳುವ ಸಂಗತಿಯನ್ನು ನನ್ನ ಮುಖ ನೋಡಿ ಯಾರೂ ಊಹಿಸಲಾರರು. (‘ನನಗೆ ಮನಶ್ಶಾಂತಿ ಸಿಕ್ಕಿತು’ ಎಂದಷ್ಟೇ ಹೇಳಿ ಸುವಾರ್ತೆ ಹೇಳಿ ಮುಗಿಸಿದೆವೆಂದು ಭಾವಿಸುವುದು ನಮ್ಮಲ್ಲಿ ಎಷ್ಟು ಸಾಮಾನ್ಯವೆಂದರೆ, ನಾನೂ ಬಹುಕಾಲ ಹಾಗೆಯೇ ಮಾಡುತ್ತಿದ್ದೆ.)

ದೀರ್ಘವಾಗಿ ಮಾತನಾಡುವ ಮುನ್ನ ಅನುಮತಿ ಕೇಳಿರಿ. ಬೈಬಲಿನ ಅಪೊಸ್ತಲರ ಕೃತ್ಯಗಳು 8ರಲ್ಲಿ ಸುವಾರ್ತೆ ಸಾರುತ್ತಿದ್ದ ಫಿಲಿಪ್ಪನು, ರಥದಲ್ಲಿ ಕುಳಿತು ಧರ್ಮಗ್ರಂಥ ಓದುತ್ತಿದ್ದ ಐಥಿಯೋಪ್ಯದ ಕಂಚುಕಿಗೆ (ರಾಣಿಯ ಅಧಿಕಾರಿಗೆ), ಓದುತ್ತಿರುವುದು ಅರ್ಥವಾಗುತ್ತಿದೆಯೇ ಎಂದು ಮೊದಲು ಕೇಳುತ್ತಾನೆ; ರಥವನ್ನು ಹತ್ತಿ ಪಕ್ಕದಲ್ಲಿ ಕುಳಿತುಕೊಳ್ಳುವಂತೆ ಕರೆಯುವವನು ಕಂಚುಕಿಯೇ. ವರ್ಷಗಳ ಸ್ನೇಹವಿಲ್ಲದೆ, ಒಂದೇ ಪಯಣದಲ್ಲಿ ನೇರವಾಗಿ ನಡೆದ ಮಾತು ಅದು, ಆದರೂ ಬಲವಂತದ್ದಲ್ಲ. ಹಾಗೆಯೇ ಯೋಹಾನ 4ರಲ್ಲಿ ಯೇಸು ಸಮಾರ್ಯದ ಸ್ತ್ರೀಯೊಂದಿಗೆ ಮಾತು ಆರಂಭಿಸುವುದು ತಾನೇ ಅವಳ ಬಳಿ ಕುಡಿಯಲು ನೀರು ಕೇಳುವುದರಿಂದ. ನಾವು ಯಾವಾಗಲೂ ಕೊಡುವವರಾಗಿ, ಅವರಿಂದ ಏನನ್ನೂ ಪಡೆಯದೆ, ಯಾವ ಸಹಾಯವನ್ನೂ ಕೇಳದೆ ಇದ್ದರೆ ಅದನ್ನು ಸ್ನೇಹವೆನ್ನುವುದು ಕಷ್ಟ.

ಎದುರಿನವರು ನಿಮ್ಮ ಕೈಕೆಳಗೆ ಕೆಲಸ ಮಾಡುವವರೋ, ನಿಮ್ಮ ಋಣದಲ್ಲಿರುವವರೋ, ಹೊಸದಾಗಿ ಯಾರನ್ನಾದರೂ ಕಳೆದುಕೊಂಡವರೋ ಆಗಿದ್ದರೆ ಇನ್ನಷ್ಟು ಎಚ್ಚರ ಅಗತ್ಯ. ಬೇಡವೆನ್ನಲು ಆಗದವರ ‘ಹೂಂ’ಗೆ ಅರ್ಥವಿಲ್ಲ.

ನೀವು ಈಗ ಮಾಡಬೇಕಾದದ್ದು ಆ ಎರಡು ವರ್ಷದ ಮೌನವನ್ನೇ ಮೊದಲು ಒಪ್ಪಿಕೊಳ್ಳುವುದು. ‘ನನಗೆ ಬಹಳ ಮುಖ್ಯವಾದ ಒಂದು ವಿಷಯವನ್ನು ನಿಮ್ಮಿಂದ ಮುಚ್ಚಿಟ್ಟಿದ್ದೇನೆ, ನೀವು ಏನೆಂದುಕೊಳ್ಳುತ್ತೀರೋ ಎಂಬ ಅಂಜಿಕೆಯಿತ್ತು. ಎಂದಾದರೂ ಕೇಳುವ ಮನಸ್ಸಿದ್ದರೆ ಹೇಳುತ್ತೇನೆ’ ಎಂದು ಹೇಳಿರಿ. ಅವರು ಬೇಡವೆಂದರೆ ಮುಂದಿನ ವಾರವೂ ಮೊದಲಿನಂತೆಯೇ ಅವರನ್ನು ಭೇಟಿಯಾಗಿರಿ. ನನ್ನ ಗೆಳೆಯ ಇಂದಿಗೂ ಕ್ರಿಸ್ತನನ್ನು ನಂಬಿಲ್ಲ. ಚದುರಂಗ ನಡೆದೇ ಇದೆ. ಆ ಸಂಜೆಯಾಗಿ ಒಂದು ವರ್ಷದ ಮೇಲೆ, ಕಾಯಿಗಳನ್ನು ಜೋಡಿಸುತ್ತ, ‘ನೀನು ಪ್ರಾರ್ಥನೆಯಲ್ಲಿ ಏನು ಹೇಳುತ್ತೀಯೆ?’ ಎಂದು ಅವನಾಗಿಯೇ ಕೇಳಿದ. ಎರಡೇ ವಾಕ್ಯದಲ್ಲಿ ಉತ್ತರಿಸಿದೆ. ಅವನು ತಲೆಯಾಡಿಸಿ ಮೊದಲ ನಡೆಯನ್ನು ಆಡಿದ.